ಸೋದರತ್ತೆಯ ಕೆಂಪು ಬಾವಿ

ಕುಷ್ಟಗಿ ಕಡೆಯ ನಮ್ಮೂರಲ್ಲಿ ಅಪ್ಪನದು ನೂಲಿಗೆ ಬಣ್ಣ ಹಾಕುವ ಕಸುಬು. ಹಿತ್ತಲಲ್ಲಿ ಬಣ್ಣದ ಬಾನಿ, ಗೋಡೆಯಾಚೆ ಸೋದರತ್ತೆಯ ಬಾವಿ. ಅಪ್ಪ ಚೆಲ್ಲಿದ ಕೆಂಪು ನೀರು ಯಾರನ್ನೂ ಕೇಳದೆ ನೆಲಕ್ಕಿಳಿದು, ಒಂದು ಬೇಸಿಗೆಯಲ್ಲಿ ಆ ಬಾವಿಯಲ್ಲಿ ಎದ್ದಿತು. ಅತ್ತೆಯ ಮನೆಯ ಬಿಳಿ ಧೋತರಗಳೆಲ್ಲ ಗುಲಾಬಿಯಾದವು. ಅತ್ತೆ ಗೋಡೆಯಾಚೆಯಿಂದಲೇ ಅಣ್ಣನ ಜನ್ಮ ಜಾಲಾಡಿ ಮಾತು ಬಿಟ್ಟಳು.

ಮಾತು ಬಿಡುವುದಕ್ಕೂ ಹೊತ್ತುಗೊತ್ತು ಬೇಡವೇ? ನನ್ನ ಮದುವೆ ನಿಶ್ಚಯವಾಗಿತ್ತು. ನಮ್ಮ ಮನೆತನದಲ್ಲಿ ಮದುಮಗಳ ಸುರಗಿ ಸ್ನಾನಕ್ಕೆ ಮೊದಲ ಕೊಡ ಹಾಕುವವಳು ಸೋದರತ್ತೆ, ಅದೂ ಆ ಬಾವಿಯ ನೀರನ್ನೇ.

"ಆ ರಗತದಂಥ ನೀರು ನಾ ಹಾಕಂಗಿಲ್ಲ. ಬಾವಿ ತಿಳಿ ಆಗೋತನಕ ಆ ಮನಿ ಹೊಸ್ತಿಲಾ ತುಳಿಯಂಗಿಲ್ಲ," ಎಂದು ಓಣಿಗೆಲ್ಲ ಸಾರಿದಳು. ನಾನು ಬೆಳೆದದ್ದು ಅವಳ ಮಡಿಲಲ್ಲಿ. ಅವಳಿಲ್ಲದ ಮದುವೆ ನನಗೆ ಬೇಡವೇ ಬೇಡವಾಗಿತ್ತು.

ಆಗ ಎದ್ದು ನಿಂತವನು ನನ್ನ ತಮ್ಮ. ಕೊಪ್ಪಳದಲ್ಲಿ ಬಿ.ಎಸ್ಸಿ. ಓದುತ್ತಿದ್ದ, ಮನೆಯಲ್ಲಿ ಒಂದು ಬಲ್ಬನ್ನೂ ನೆಟ್ಟಗೆ ಹಾಕದ ವಿಜ್ಞಾನಿ. ಟಾರ್ಚಿನ ಸತ್ತ ಶೆಲ್ಲುಗಳನ್ನು ಒಡೆದು ಒಳಗಿನ ಕರಿ ಕಡ್ಡಿ ತೆಗೆದ. ಗಂಗಾವತಿಯ ಮಾವನ ಟ್ರ್ಯಾಕ್ಟರ್ ಬ್ಯಾಟರಿ ತಂದ. ಕಡ್ಡಿಗಳಿಗೆ ತಂತಿ ಕಟ್ಟಿ, ಚೆಲ್ಲಬೇಕಿದ್ದ ಕೆಂಪು ನೀರಿಗೆ ಇಳಿಬಿಟ್ಟ. ಬಣ್ಣ ಹಿಡಿಯಲೆಂದು ಅಪ್ಪ ಹಾಕಿದ್ದ ಉಪ್ಪು ಅದರಲ್ಲಿ ಇದ್ದೇ ಇತ್ತು.

"ಕರೆಂಟ್ ಹರಿದ್ರ ಈ ಉಪ್ಪಿನಿಂದ ಕ್ಲೋರಿನ್ ಹುಟ್ಟತೈತಿ. ಅದು ಬಣ್ಣ ಮುರೀತೈತಿ. ಚೆಲ್ಲೋ ನೀರು ತಿಳಿ ಆದ್ರ ಬಾವೀನೂ ತಿಳಿ ಆಗತೈತಿ," ಎಂದ ತಮ್ಮ.

"ಮೊದ್ಲ ನೀ ಸಾಯಬ್ಯಾಡ," ಎಂದ ಅಪ್ಪ.

ನೊರೆ ಎದ್ದಿತು. ಬ್ಲೀಚಿಂಗ್ ಪುಡಿಯ ವಾಸನೆಗೆ ಓಣಿಯೇ ಮೂಗು ಮುಚ್ಚಿಕೊಂಡಿತು. ಸಂಜೆಗೆ ನೋಡಿದರೆ ನೀರು ತಿಳಿ! ತಮ್ಮ ಮೀಸೆ ಇಲ್ಲದ ಜಾಗ ತಿರುವಿಕೊಂಡು ಚಹಾ ಕುಡಿಯಲು ಹೋದ.

ನಮ್ಮ ಸೀಮೆಯಲ್ಲಿ ತಿಳಿ ನೀರು ಚೆಲ್ಲುವುದೆಂದರೆ ಪಾಪ. ಅವ್ವ ಆ ಪಾಪಕ್ಕೆ ಹೋಗಲಿಲ್ಲ. ನನ್ನ ಮದುವೆ ಸೀರೆಯ ಸೆರಗಿಗೆಂದು ಅಪ್ಪ ಬಣ್ಣ ಹಾಕಿದ್ದ ಕೆಂಪು ನೂಲನ್ನು ಅದರಲ್ಲೇ ಜಾಲಿಸಲು ನೆನೆಹಾಕಿದಳು. ಎತ್ತಿದಾಗ ನೂಲು ಕೆಂಪು ಕಳೆದುಕೊಂಡು ಉಳ್ಳಾಗಡ್ಡಿ ಸಿಪ್ಪೆಯ ಬಣ್ಣಕ್ಕೆ ಬಂದಿತ್ತು.

"ಲೇ ಪಂಡಿತಾ! ನೀರಿನ ಬಣ್ಣ ತೆಗಿ ಅಂದ್ರ ನೂಲಿಂದೂ ತೆಗದ್ಯಲ್ಲೋ! ನಿನ್ನ ಕ್ಲೋರಿನ್ನಿಗೆ ಮನಿಯವ್ರು ಹೊರಗಿನವ್ರು ಗೊತ್ತಾಗಂಗಿಲ್ಲೇನು?" ಎಂದು ಅಪ್ಪ ಗುಡುಗಿದ.

"ನೀರು ಬಿಸಿಲಿಗೆ ಇಡಬೇಕಿತ್ತಪ್ಪಾ, ಅದು ಹಾರಿ ಹೋಗತಿತ್ತು," ಎನ್ನುತ್ತ ತಮ್ಮ ತಾನೇ ಹಾರಿ ಬೀದಿಗೆ ಬಿದ್ದಿದ್ದ.

ಗೋಡೆಯಾಚೆ ಯಾರೋ ನಕ್ಕರು. ಅತ್ತೆ! ನಗು ತಡೆಯಲಾಗದೆ, ಕಣ್ಣೊರೆಸಿಕೊಳ್ಳುತ್ತ ನಮ್ಮ ಹಿತ್ತಲ ಬಾಗಿಲಿಂದ ಒಳಗೇ ಬಂದುಬಿಟ್ಟಳು. "ನಮ್ಮನಿ ಧೋತರ ಕೆಂಪ ಮಾಡಿದಾಂವನ ನೂಲು ಬೆಳ್ಳಗಾತು. ದೇವ್ರು ಅದಾನ!" ಅವ್ವ ಚಹಾ ಕೊಟ್ಟಾಗಲೇ ಅವಳಿಗೆ ತನ್ನ ಶಪಥ ನೆನಪಾದದ್ದು. "ಹಿತ್ತಲದ ಹೊಸ್ತಿಲಾ ಲೆಕ್ಕಕ್ಕಿಲ್ಲ," ಎಂದು ಬಸಿಯಿಂದ ಚಹಾ ಸುರ್ರೆಂದು ಹೀರಿದಳು.

ನೂಲಿಗೆ ಅಪ್ಪ ಮತ್ತೆ ಬಣ್ಣ ಹಾಕಿದ. ಚೆಲ್ಲುವ ನೀರಿಗೆ ಕರೆಂಟ್ ಹಾಯಿಸುವುದೂ ನಡೆಯಿತು. ಆದರೆ ಬಾವಿಗೆ ನಮ್ಮ ಮುಹೂರ್ತದ ಹಂಗಿಲ್ಲವಲ್ಲ. ಸುರಗಿಯ ದಿನವೂ ಅದರ ನೀರು ತಿಳಿಗೆಂಪಾಗಿಯೇ ಇತ್ತು. ಅತ್ತೆ ಅದೇ ನೀರಿನ ಕೊಡವನ್ನು ನನ್ನ ತಲೆಯ ಮೇಲೆ ಎತ್ತಿದಳು. ಗಂಡಿನ ಕಡೆಯ ಹೆಂಗಸರು ಮುಖ ಮುಖ ನೋಡಿಕೊಂಡರು.

"ಏನ್ ನೋಡತೀರಿ? ನಮ್ಮ ಹುಡುಗಿ ನಾಚಿ ಕೆಂಪಾಗ್ಯಾಳ. ನೀರಿಗೂ ಹತ್ತೇತಿ," ಎಂದು ಕೊಡ ಬಗ್ಗಿಸಿದಳು.