ನಿನ್ನ ಕಿವಿ ಸರಿಯಿತ್ತು

ಮುರಳಿ, ಆ ನವರಾತ್ರಿಯ ಸಂಜೆ ಅಪಸ್ವರ ಬಂದದ್ದು ನಿನ್ನಿಂದಲ್ಲ. ನಿನ್ನ ಗಿಟಾರನ್ನು ಕೆಡಿಸಿದ್ದು ನಾನು — ಬೇಕೆಂದೇ.

ತಂತಿ ಬದಲಿಸಿಕೊಡು ಎಂದು ನೀನೇ ಅದನ್ನು ನಮ್ಮ ಅಣ್ಣಾ ನಗರ್ ಮನೆಗೆ ತಂದಿದ್ದೆ. ನನ್ನ ಗಿಟಾರನ್ನು ಬಿಚ್ಚಿ, ಕತ್ತಿನ ಬಾಗು ತಿದ್ದಿ, ತಂತಿಯ ಎತ್ತರ ಇಳಿಸಿ, ಎಷ್ಟೋ ಸಲ ಹಾಳುಮಾಡಿ ಕಲಿತ ಕೆಲಸ ಅದು. ನೀನು ಸೋಫಾದಲ್ಲಿ ಕಾಲು ಚಾಚಿ ನೋಡುತ್ತಿದ್ದೆ. "ಡೇಯ್, ನಿನ್ ಕೈ ಸ್ಕ್ರೂ ತಿರುಗ್ಸಕ್ಕೇ ಲಾಯಕ್ಕು. ನುಡ್ಸೋದು ನಂಗೆ ಬಿಡು." ಆಮೇಲೆ ನೀನು ನಕ್ಕೆ. ನಕ್ಕೆಯೋ ಇಲ್ಲವೋ — ಆ ನಗುವನ್ನು ನನ್ನ ಅನುಕೂಲಕ್ಕೆ ನಾನೇ ಸೇರಿಸಿಕೊಂಡಿರಬಹುದು. ಮಾತು ಮಾತ್ರ ನಿಜ.

ನೀನು ಹೋದ ಮೇಲೆ, ತಂತಿಗಳ ಬುಡದಲ್ಲಿರುವ ಬ್ರಿಜ್ಜಿನ ಸ್ಕ್ರೂಗಳಿಗೆ ಕೈಹಾಕಿದೆ. ತಂತಿ ಕೂರುವ ಪುಟ್ಟ ತುಂಡುಗಳಲ್ಲಿ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಸರಿಸಿ, ಮತ್ತೆ ಶ್ರುತಿ ಮಾಡಿಟ್ಟೆ. ಒತ್ತದೆ ಮೀಟಿದರೆ ಎಲ್ಲ ತಂತಿಯೂ ಸರಿ. ಬೆರಳಿಟ್ಟು ಮೇಲಿನ ಸ್ವರಗಳಿಗೆ ಹೋದಷ್ಟೂ ಸುಳ್ಳು. ನೀನು ಮೊದಲೇ ನುಡಿಸಿ ನೋಡಬಾರದೆಂದು, ಎಲ್ಲರೂ ಗೊಂಬೆಗಳ ಮುಂದೆ ಕೂತ ಮೇಲೆಯೇ ತಂದುಕೊಟ್ಟೆ.

ನೀನು ನುಡಿಸಿದ ಹಾಡಿನ ಎರಡನೇ ಸಾಲಿಗೇ, ಸಂಗೀತ ಬಲ್ಲ ನಮ್ಮ ಅತ್ತೆ ಮುಖ ಕಿವುಚಿದರು. ತಂತಿಗಳನ್ನು ಒಂದೊಂದಾಗಿ ಮೀಟಿಸಿ ಶ್ರುತಿಪೆಟ್ಟಿಗೆಗೆ ಹೋಲಿಸಿದರು. "ವಾದ್ಯ ಸರಿಯಾಗೇ ಇದೆಯಪ್ಪ. ನಿಂಗೆ ಕಿವೀನೇ ಇಲ್ಲ. ಪೋದುಂ, ಸಾಕು, ಕೆಳಗಿಡು." ನಮ್ಮ ಮನೆಯಲ್ಲಿ ಶ್ರುತಿ ತಪ್ಪಿದರೆ ತಪ್ಪು ಯಾವಾಗಲೂ ಮನುಷ್ಯನದೇ — ಅದನ್ನು ನಂಬಿಕೊಂಡೇ ನಾನು...

ನೀನು ನನ್ನ ಕಡೆ ತಿರುಗಿದೆ. "ಸರಿ ಇದೆಯೇನೋ?"

"ಸರಿ ಇದೆ," ಅಂದೆ ನಾನು.

ಆಮೇಲೆ ನೀನು ಅದನ್ನು ಮುಟ್ಟಲಿಲ್ಲ. ನನಗೆ ಖುಷಿಯಾಯಿತು, ಅದು ಎಷ್ಟು ದಿನ ಉಳಿಯಿತೋ ನೆನಪಿಲ್ಲ — ನೆನಪಿಲ್ಲ ಎನ್ನುವುದೂ ಸುಳ್ಳಿರಬಹುದು. ಮೊನ್ನೆ ನಿನ್ನ ಮಗಳು ಹಾಡು ಕಲಿಯುತ್ತೇನೆ ಎಂದಾಗ ನೀನು ಹೇಳಿದೆ: "ನಮ್ಗೆಲ್ಲ ಕಿವಿ ಇಲ್ಲಮ್ಮ. ವೇಂಡಾಂ, ಬೇಡ." ಅವಳು ಸುಮ್ಮನೆ ತಲೆಯಾಡಿಸಿದಳು. ನಾನು ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ.

ಪ್ರೀತಿ ಉಕ್ಕಿ ಇದನ್ನು ಬರೆಯುತ್ತಿಲ್ಲ. ನಿನ್ನ ದನಿ ಕೇಳಿದರೆ ಇಂದಿಗೂ ನನಗೆ ಮೈ ಉರಿಯುತ್ತದೆ. ಆದರೆ ಆ ಹುಡುಗಿ ನನಗೇನೂ ಅಂದವಳಲ್ಲ.

ಭಾನುವಾರ ಅತ್ತೆಯನ್ನು ಕರೆದುಕೊಂಡು ಕೋಡಂಬಾಕ್ಕಂನ ನಿಮ್ಮ ಮನೆಗೆ ಬರುತ್ತೇನೆ. ಗಿಟಾರನ್ನು ಅಟ್ಟದಿಂದ ಇಳಿಸಿಡು. ನಾನು ಏನು ಮಾಡಿದೆನೆಂದು ಅವರಿಗೆ, ನಿನ್ನ ಮಗಳಿಗೆ ನಾನೇ ಹೇಳಿ, ಅವರೆದುರಿಗೇ ಆ ಸ್ಕ್ರೂಗಳನ್ನು ಸರಿಮಾಡುತ್ತೇನೆ. ಆಮೇಲೆ ನನಗೆ ಬಾಗಿಲು ತೋರಿಸು.