ಮಹಾಲಿಂಗಮ್ಮನ ಕೊರಿಯಾ ಖಾರ

ತನ್ನ ಕಣ್ಣಲ್ಲಿ ನೀರು ತರಿಸುವ ಮೆಣಸಿನಕಾಯಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂಬುದು ನೀಲಗಿರಿ ಬೆಟ್ಟದ ನಡುವಟ್ಟದ ಗಂಗಾಧರನ ಮಾತು. ಬೇಕಾದರೆ ಕಾಡಾನೆ ಅತ್ತೀತು, ತಾನು ಅಳುವವನಲ್ಲ ಎಂದು ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು ಅವನು ಎಷ್ಟು ಸಲ ಸಾರಿದ್ದನೆಂದರೆ, ಬೆಂಚಿಗೇ ಅದು ಬಾಯಿಪಾಠವಾಗಿತ್ತು. ಹೆಂಡತಿ ಮಹಾಲಿಂಗಮ್ಮ ಮಾತ್ರ ಕೇಳಿಯೂ ಕೇಳದವಳಂತೆ ಇರುತ್ತಿದ್ದಳು. ಇಬ್ಬರಲ್ಲಿ ಒಬ್ಬರಾದರೂ ಕೆಲಸ ಮಾಡಬೇಕಲ್ಲ!

ಈ ಮಳೆಗಾಲದಲ್ಲಿ ಅವಳ ತಲೆಯ ತುಂಬ ಒಂದೇ ಚಿಂತೆ. ಸೊಸೆ ಕವಿತಾ ಮೂರು ತಿಂಗಳ ಬಸುರಿ. ಅನ್ನದ ವಾಸನೆ ಬಂದರೆ ಸಾಕು, ವಾಂತಿ ಮಾಡಲು ಹಿತ್ತಲಿಗೆ ಓಡುವಳು. "ಹೊಟ್ಟೆಯಲ್ಲಿ ಏನಾದರೂ ನಿಲ್ಲಲೇಬೇಕು, ಇಲ್ಲವಾದರೆ ಊಟಿಗೆ ಕರೆದುಕೊಂಡು ಹೋಗಿ ಡ್ರಿಪ್ ಹಾಕಿಸಬೇಕಾಗುತ್ತೆ" ಎಂದು ನರ್ಸ್ ಹೇಳಿಹೋಗಿದ್ದಳು. ಹೋದ ವರ್ಷ ಮಹಾಲಿಂಗಮ್ಮ ಟೀ ತೋಟದಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಾಗ ಅವಳ ತಲೆ ಬಾಚಿ, ತುತ್ತು ಮಾಡಿ ಉಣಿಸಿದವಳು ಇದೇ ಹುಡುಗಿ. ಹೆತ್ತ ಮಗ ನವೀನ ಬಾಗಿಲಲ್ಲಿ ನಿಂತು "ನೋವಾ ಅಮ್ಮಾ?" ಎಂದು ಕೇಳಿದ್ದಷ್ಟೇ.

"ಏನು ತಿನ್ನಬೇಕು ಅನ್ನಿಸುತ್ತೆ, ಹೇಳು ಮಗಾ."

ಕವಿತಾ ನಾಚಿಕೊಂಡು ಮೊಬೈಲ್ ತೋರಿಸಿದಳು. ಕೊರಿಯಾದ ನೂಡಲ್ಸ್; ಕುಂಕುಮದ ಭರಣಿಯಲ್ಲಿ ಅದ್ದಿ ತೆಗೆದಂತಿತ್ತು. "ಅಂಗಡಿ ಪ್ಯಾಕೆಟ್ಟಿನಲ್ಲಿ ಮೀನಿನ ಪುಡಿ ಇರುತ್ತಂತೆ ಅತ್ತೆ. ಬೇಡ ಬಿಡಿ."

ಲಿಂಗ ಕಟ್ಟಿದವರ ಮನೆ. ಮೀನು ಹೊಸ್ತಿಲು ದಾಟುವಂತಿಲ್ಲ. "ಬೇಡ ಯಾಕೆ? ಕೊರಿಯಾದವರಿಗೂ ಎರಡೇ ಕೈ. ಮನೆಯಲ್ಲೇ ಮಾಡ್ತೀನಿ" ಎಂದಳು ಮಹಾಲಿಂಗಮ್ಮ.

ಮೊಬೈಲ್ ನೋಡಿಕೊಂಡು ಆ ಕೆಂಪು ಖಾರಕ್ಕೆ ಬೇಕಾದ ಬೇಯಿಸಿದ ಸೋಯಾ ಕಾಳು, ಬೆಟ್ಟದ ಬೆಳ್ಳುಳ್ಳಿ, ಬೆಲ್ಲ, ಅಕ್ಕಿಯ ಗಂಜಿ ಎಲ್ಲ ಸಿದ್ಧವಾಯಿತು. ಮೆಣಸಿನಕಾಯಿ ಮಾತ್ರ ಮೆತ್ತಗೆ. ಆ ಮಂಜಿನಲ್ಲಿ ಒಣಗಲು ಹಾಕಿದ್ದು ಇನ್ನಷ್ಟು ಒದ್ದೆಯಾಗಿ ಒಳಗೆ ಬರುತ್ತದೆ; ಗಂಗಾಧರನ ಮದುವೆಯ ಪಂಚೆಯೇ ಇನ್ನೂ ಒಣಗಿಲ್ಲ.

"ನನಗೆ ಬಿಡು" ಎಂದ ಗಂಗಾಧರ, ಟೀ ಫ್ಯಾಕ್ಟರಿಗೆ ತೋಟದ ಎಲೆ ಹಾಕಲು ಹೋದವನು, ಮೆಣಸಿನಕಾಯಿ ಕಟ್ಟಿದ ಬಟ್ಟೆಗಂಟನ್ನು ಟೀ ಎಲೆ ಬಾಡಿಸುವ ತೊಟ್ಟಿಯ ಮೂಲೆಯಲ್ಲಿ ಮೆಲ್ಲಗೆ ಇಟ್ಟುಬಿಟ್ಟ. ಅಡಿಯಿಂದ ಬಿಸಿಗಾಳಿ ಊದುವ ಜಾಗ. ಮೆಣಸಿನಕಾಯಿ ಗರಿಗರಿಯಾಗಿ ಒಣಗಿತು. ಗಂಟೂ ಬಿಚ್ಚಿತು, ಬೀಜವೂ ಹಾರಿತು. ಫ್ಯಾಕ್ಟರಿಯವರೆಲ್ಲ ಸೀನಿದ ರಭಸಕ್ಕೆ ನಡುವಟ್ಟದ ಮಂಜು ಗೂಡಲೂರಿಗೆ ಇಳಿದು, ಅಲ್ಲಿಯವರು ಹಗಲಲ್ಲೇ ದೀಪ ಹಾಕಿದರಂತೆ.

ಮೇಲ್ವಿಚಾರಕ ರಂಗನಾಥನ್ ಮೂಗು ಒರೆಸಿಕೊಳ್ಳುತ್ತ ಬೈಯಲು ಬಾಯಿ ತೆರೆದ. ಗಂಗಾಧರ ತೊದಲುತ್ತ ಸೊಸೆಯ ಸಂಗತಿ ಹೇಳಿದ. ಎಲೆ ಹರಡುವ ಪಾಪಾತಿ, "ಬಸುರಿ ಹೆಣ್ಣು ಆಸೆಪಟ್ಟಿದೆ ಸಾರ್, ಬೈಗುಳ ನಾಳೆಗಿರಲಿ" ಎಂದವಳೇ ಜೊತೆಯವರನ್ನು ಕರೆದು, ಎಲೆಯ ನಡುವಿನಿಂದ ಮೆಣಸಿನಕಾಯಿಗಳನ್ನು ಒಂದೊಂದಾಗಿ ಆರಿಸಿಕೊಟ್ಟಳು. ರಂಗನಾಥನ್ ಖಾರ ಹತ್ತಿದ ಎಲೆಯನ್ನು ಗೊಬ್ಬರದ ಗುಂಡಿಗೆ ಕಳಿಸಿ, ಬಾಯಿ ಮುಚ್ಚಿಕೊಂಡ.

ಮನೆಗೆ ಬಂದ ಮೆಣಸಿನಕಾಯಿಗೆ ಹಸಿ ಟೀ ಎಲೆಯ ಘಮ ಹತ್ತಿತ್ತು. ಮಹಾಲಿಂಗಮ್ಮ ಮೂಸಿ ನೋಡಿ ಅದನ್ನು ಪಕ್ಕಕ್ಕಿಟ್ಟಳು. ವಾಸನೆಗೇ ಓಡುವ ಹುಡುಗಿ! ಆದರೂ ಗಂಡ ಹೇಳಿದ ಪಾಪಾತಿಯ ಉರಿಯುವ ಬೆರಳುಗಳನ್ನು ನೆನೆದು ಅರೆದಳು. ಉಳಿದದ್ದೆಲ್ಲ ಸೇರಿಸಿ, ಗಟ್ಟಿಯಾಗುವವರೆಗೆ ಗ್ಯಾಸ್ ಒಲೆಯ ಮೇಲೆ ಕೈಯಾಡಿಸಿದಳು. ನೂಡಲ್ಸ್‌ಗೆ ಬೆರೆಸಿ ಸೊಸೆಯ ಮುಂದಿಟ್ಟು, ಹಿತ್ತಲ ಬಾಗಿಲನ್ನೂ ತೆರೆದಿಟ್ಟಳು.

ಕವಿತಾ ಮೂಸಿದಳು. "ನಮ್ಮ ತೋಟದ ವಾಸನೆ ಅತ್ತೆ!"

ಒಂದು ಎಳೆ ತಿಂದಳು. ಇನ್ನೊಂದು. ಹಿತ್ತಲ ಬಾಗಿಲು ಸುಮ್ಮನೆ ಕಾದದ್ದೇ ಬಂತು. ಬಟ್ಟಲು ಬರಿದಾಯಿತು.

"ಇನ್ನೂ ಸ್ವಲ್ಪ ಇದೆಯಾ?"

ಮಹಾಲಿಂಗಮ್ಮ ಎದೆಯ ಮೇಲಿನ ಲಿಂಗ ಮುಟ್ಟಿಕೊಂಡಳು. ಶಿವನಿಗೆ, ಪಾಪಾತಿಗೆ, ಬೈಯದ ರಂಗನಾಥನ್‌ಗೆ, ಕಾಣದ ಕೊರಿಯಾದ ಯಾವಳೋ ಅಜ್ಜಿಗೆ ಮನಸ್ಸಿನಲ್ಲೇ ಕೈ ಮುಗಿದಳು. ಗಂಡನಿಗೂ ಒಂದು ಒಳ್ಳೆಯ ಮಾತು ಹೇಳೋಣವೆಂದು ತಿರುಗಿದರೆ, ಆ ವೀರ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾನೆ!

"ಏನ್ರೀ ಅದು?"

"ಖಾರ ಕಣೇ" ಎಂದ ಗಂಗಾಧರ, ಜೀವಮಾನದ ಜಂಬವನ್ನೇ ಬಿಟ್ಟುಕೊಟ್ಟು. "ಸಿಕ್ಕಾಪಟ್ಟೆ ಖಾರ."

"ನಿಮ್ಮ ತಟ್ಟೆಗೆ ನಾನಿನ್ನೂ ಬಡಿಸೇ ಇಲ್ಲವಲ್ರೀ!"