ಒಂದೇ ಇಪ್ಪೆಮರದ ಮಕ್ಕಳು

‘ಇವಕ್ಕೆ ಎಷ್ಟು ಮರದಿಂದ ಬೀಜ ತಂದಿರಿ ಅಣ್ಣ?’

ಹೋದ ವಾರ ಬೊಟಾನಿಕಲ್ ಗಾರ್ಡನ್ನಿನ ಮೇಡಂ ಹೀಗೆ ಕೇಳಿದಾಗ ನಾನು ಎದೆ ಉಬ್ಬಿಸಿ ಹೇಳಿದೆ: ‘ಒಂದೇ ಮರ ಮೇಡಂ. ಅಂಥದ್ದು ಇನ್ನೊಂದಿಲ್ಲ.’

ಆಟೊದಿಂದ ಸಸಿ ಇಳಿಸುತ್ತಿದ್ದವರಿಗೆ ಅವರು ಸ್ವಲ್ಪ ತಡೆಯಿರಿ ಎಂದರು.

ಹನಕೆರೆ ಹತ್ತಿರ ನನ್ನದೊಂದು ನರ್ಸರಿ ಇದೆ. (ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಬೆವರು ಸುರಿಸಿ ಕಟ್ಟಿದ್ದು. ಹೇಳಿಕೊಳ್ಳಲು ನಾಚಿಕೆಯಿಲ್ಲ.) ಪೂರಿಗಾಲಿ ಕಡೆ ಕೆರೆಯ ಪಕ್ಕದ ಬರಡು ಜಾಗದಲ್ಲಿ ಹಿಂದಿನಂತೆ ಇಪ್ಪೆ ತೋಪು ಎಬ್ಬಿಸಲು ಗಾರ್ಡನ್ನಿನವರು ಹೊರಟಿದ್ದಾರೆ. ಇನ್ನೂರು ಸಸಿ ಕೇಳಿದ್ದರು.

ನನ್ನ ಬೀಜದ ಮರ ಗೆಜ್ಜಲಗೆರೆ ದಾರಿಯಲ್ಲಿದೆ. ಬೈಕು ನಿಲ್ಲಿಸಿ ಬಗ್ಗಿದರೆ ಬೀಜ. ದಪ್ಪ ಹಣ್ಣು, ನೆಟ್ಟಗಿನ ಕಾಂಡ. ಬೀಜದ ಹೋರಿ ಆರಿಸುವವನು ಒಳ್ಳೆಯದೊಂದನ್ನೇ ತಾನೆ ಆರಿಸುವುದು?

ಮೇಡಂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

‘ಇವೆಲ್ಲ ಒಬ್ಬಳೇ ತಾಯಿ ಮಕ್ಕಳು ಅಣ್ಣ. ಮುಂದೆ ತಮ್ಮತಮ್ಮಲ್ಲೇ ಬೀಜ ಕಟ್ಟಬೇಕು. ಬರ್ತಾ ಬರ್ತಾ ಸೊರಗ್ತವೆ. ಒಂದಕ್ಕೆ ರೋಗ ಬಂದ್ರೆ ಎಲ್ಲಕ್ಕೂ ತಗಲಬಹುದು.’

‘ನಿಮ್ಮಲ್ಲಿ ಬೀಜದ ಬ್ಯಾಂಕ್ ಐತಂತಲ್ಲ, ಅದ್ರಿಂದ ಕೊಡಿ ಮತ್ತೆ’ ಎಂದೆ. (ಸೋಲೊಪ್ಪದ ಬಾಯಿ ನನ್ನದು.)

‘ಇಪ್ಪೆ ಬೀಜ ಒಣಗಿದ್ರೆ ಸತ್ತುಹೋಗುತ್ತೆ, ಡಬ್ಬದಲ್ಲಿ ಇಡೋಕಾಗಲ್ಲ. ಮರವಾಗೇ ಉಳಿಸ್ಕೋಬೇಕು. ಅದಕ್ಕೇ ಊರೂರಿನ ಮರದ ಸಸಿ ತಂದು ಗಾರ್ಡನ್ನಲ್ಲಿ ಬೆಳೆಸ್ತಿದ್ದೀವಿ. ನಿಮ್ಮ ಕಡೆ ಬೇರೆ ಮರಗಳಿದ್ರೆ ತೋರಿಸ್ತೀರಾ?’

ಏನು ತೋರಿಸಲಿ?

ನನ್ನ ಮರದಾಚೆ ಒಂದು ಸಾಲೇ ಇತ್ತು. ಎರಡು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಹೋಯಿತು. ಅದರ ಹಿಂದಿನ ದಿನ, ಮರ ಕುಯ್ಯುವ ಸಿದ್ದರಾಜು ಫೋನ್ ಮಾಡಿದ್ದ.

‘ಅಣ್ಣೋ, ಇಪ್ಪೆ ಸಾಲು ನಾಳೆ ಕುಯ್ತೀವಿ. ಅಣ್ಣು ಉದುರ್ಬುಟ್ಟವೆ. ಚೀಲ ತಕೊಂಡು ಬಾ.’

‘ಆ ಪೀಚು ಬೀಜ ನಂಗ್ಯಾಕ್ಲಾ? ನನ್ ಮರ ಐತೆ, ಬುಡು.’

ಅವನು ಕರೆದದ್ದು ಎರಡು ಮೈಲಿ ದೂರಕ್ಕೆ. ಬೈಕಿಗೆ ಪೆಟ್ರೋಲೂ ಇತ್ತು.

ಮೇಡಂ ಹತ್ತು ಸಸಿ ಇಟ್ಟುಕೊಂಡರು. ಉಳಿದವು ಅದೇ ಆಟೊದಲ್ಲಿ ವಾಪಸ್. ನನ್ನ ನರ್ಸರಿಯಿಂದ ಹೋದ ಸಸಿ ತಿರುಗಿ ಬಂದದ್ದು ಅದೇ ಮೊದಲು.

ಹೆಂಡತಿ ಜಯಮ್ಮ ಒಮ್ಮೆ ಸಸಿ ನೋಡಿದಳು, ಒಮ್ಮೆ ನನ್ನನ್ನು. ‘ಅವತ್ತು ಚೀಲ ಕೊಡವಿ ನಾನೇ ತಂದ್ಕೊಟ್ನಲ್ಲ. ಅದ್ನ ಮಡ್ಚಿ ಆಕೊಂಡು, ಅದ್ರ ಮೇಲೆ ಕೂತು ಟೀ ಕುಡುದ್ರಿ.’

ಅದು ನಿಜ. ಕೂತಿದ್ದೆ.

ಇನ್ನೊಂದು ವಿಷಯ ಈಗ ಹೊಳೆಯುತ್ತಿದೆ. ಎರಡು ವರ್ಷದಿಂದ ನನ್ನ ಮರ ಹೂ ಸುರಿಸುತ್ತದೆ, ಕಾಯಿ ಮಾತ್ರ ಕಡಿಮೆ. ನಾನು ಮಳೆಯನ್ನು ಬಯ್ಯುತ್ತಿದ್ದೆ. ಸುತ್ತ ಮರವೇ ಇಲ್ಲದಿದ್ದರೆ ಬಾವಲಿ ಎಲ್ಲಿಂದ ಎಲ್ಲಿಗೆ ಹಾರಿ ಹೂವಿನ ಪುಡಿ ಮುಟ್ಟಿಸಬೇಕು? ಅದು ಒಳ್ಳೆಯ ಮರವಾಗಿದ್ದದ್ದೇ ಪಕ್ಕದವುಗಳಿಂದ.

ನಾಲ್ಕು ದಿನದಿಂದ ಮದ್ದೂರು, ಮಳವಳ್ಳಿ ಹಳ್ಳಿಗಳನ್ನು ಸುತ್ತುತ್ತಿದ್ದೇನೆ. ಎರಡು ಮರ ಸಿಕ್ಕಿವೆ. ಮೇಡಂಗೆ ತಿಳಿಸಿದ್ದೇನೆ.

ಈಗ ಸಿದ್ದರಾಜು ಫೋನ್ ಮಾಡಿದರೆ ಊಟದ ತಟ್ಟೆ ಬಿಟ್ಟು ಓಡುತ್ತೇನೆ. ಆದರೆ ಫೋನ್ ಮಾಡಲು ಅವನಿಗೆ ಇನ್ನು ಯಾವ ಮರ ಉಳಿದಿದೆ?